ಜೋಲಿ ಕಟ್ಟುವ ಜಾಗ

"ಗುರುಗಳೇ, ಕಷ್ಟದಲ್ಲಿರುವವರ ಮಕ್ಕಳು ಶಾಲೆ ಬಿಡದ ಹಾಗೆ ಮಾಡಬೇಕಾದರೆ ಅವರಿಗೆ ಏನನ್ನು ಕೊಡಬೇಕು?" ಎಂದು ಶಿಷ್ಯ ಕೇಳಿದ.

ಅವನು ಆಗಷ್ಟೇ ಊರೂರು ತಿರುಗಿ ಮಠಕ್ಕೆ ಬಂದಿದ್ದ. ಮಠದ ಪರವಾಗಿ ಮಕ್ಕಳಿಗೆ ಪುಸ್ತಕ, ಬಟ್ಟೆ, ಚೀಲ ಹಂಚುವ ಕೆಲಸ ಅವನದು. ಹೋದ ವರ್ಷ ಕೊಟ್ಟ ಮನೆಗಳಿಗೇ ಈ ವರ್ಷವೂ ಹೋಗಿದ್ದ. ಆ ಮಕ್ಕಳಲ್ಲಿ ಅನೇಕರು ಶಾಲೆ ಬಿಟ್ಟಿದ್ದರು. ಒಂದು ಮನೆಯಲ್ಲಿ ಅವನು ಕೊಟ್ಟ ಚೀಲಕ್ಕೆ ಈರುಳ್ಳಿ ತುಂಬಿ ಗೂಟಕ್ಕೆ ತೂಗುಹಾಕಿದ್ದರು. ಅವನಿಗೆ ಸಿಟ್ಟು ಬಂದಿತ್ತು. ಗುರುಗಳ ಮುಂದೆ ಸಿಟ್ಟು ತೋರಿಸಬಾರದೆಂದು ಅದನ್ನು ಪ್ರಶ್ನೆಯಾಗಿ ಕೇಳಿದ್ದ.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಅವನು ನೀರು ಕುಡಿಯುವ ತನಕ ಕಾದು, ಈ ಕತೆಯನ್ನು ಹೇಳಿದರು.

ಒಂದು ಹೊಳೆಯ ದಡದಲ್ಲಿ ಹೆಂಚಿನ ಕಾರ್ಖಾನೆ ಇತ್ತು. ಅದರ ಒಡೆಯ ಒಬ್ಬ ವರ್ತಕ. ಅವನು ಹುಟ್ಟಿನಿಂದ ಸಿರಿವಂತನಲ್ಲ. ಚಿಕ್ಕಂದಿನಲ್ಲಿ ತಂದೆ ತೀರಿಕೊಂಡಾಗ ಅವನನ್ನು ಶಾಲೆ ಬಿಡಿಸಿ ಅಂಗಡಿಯೊಂದರಲ್ಲಿ ದುಡಿಯಲು ಹಾಕಿದ್ದರು. ಅವನು ಆ ನೋವನ್ನು ಮರೆತಿರಲಿಲ್ಲ. ಸ್ಲೇಟು ಹಿಡಿದು ಹೋಗುವ ಮಗುವನ್ನು ಕಂಡರೆ ದಾರಿಯಲ್ಲಿಯೇ ನಿಂತುಬಿಡುತ್ತಿದ್ದ. ಮದುವೆಗೆ, ಮದ್ದಿಗೆ, ಯಾವುದಕ್ಕೆ ಕೇಳಿದರೂ ಇಲ್ಲವೆಂದವನಲ್ಲ. ಊರಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಧಣಿಗಳು ಎನ್ನುತ್ತಿದ್ದರು. ಭಯದಿಂದ ಅಲ್ಲ, ಪ್ರೀತಿಯಿಂದ.

ಕಾರ್ಖಾನೆಯಲ್ಲಿ ಗಂಡಸರು ಮಣ್ಣು ತಂದು ಹಾಕುತ್ತಿದ್ದರು. ಯಂತ್ರ ಅದನ್ನು ಅರೆಯುತ್ತಿತ್ತು. ಅಚ್ಚಿನಿಂದ ಇಳಿದ ಹಸಿ ಹೆಂಚನ್ನು ಹೆಂಗಸರು ತಲೆಯ ಮೇಲೆ ಹೊತ್ತು ಒಣಗಿಸುವ ಚಪ್ಪರಕ್ಕೆ ಸಾಗಿಸುತ್ತಿದ್ದರು. ಅವರಲ್ಲಿ ಎಳೆಗೂಸಿನ ತಾಯಂದಿರೂ ಇದ್ದರು. ಅವರು ಕೂಸುಗಳನ್ನು ಜೊತೆಗೆ ತಂದು, ಚಪ್ಪರದ ತೊಲೆಗೆ ಹಳೆಯ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಹೆಂಚು ಹೊರುವ ಶಕ್ತಿಯಿಲ್ಲದ ಒಬ್ಬ ಮುದುಕಿ ಅಲ್ಲಿ ಕುಳಿತು ಜೋಲಿಗಳನ್ನು ತೂಗುತ್ತಿದ್ದಳು. ಕೂಸು ಅತ್ತರೆ ತಾಯಿಯನ್ನು ಕೂಗುತ್ತಿದ್ದಳು. ತಾಯಿ ಬಂದು ಹಾಲು ಕುಡಿಸಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಳು. ಹೇಗೋ ನಡೆಯುತ್ತಿತ್ತು. ಆ ತಾಯಂದಿರ ದೊಡ್ಡ ಮಕ್ಕಳು ಅಷ್ಟು ಹೊತ್ತು ಶಾಲೆಯಲ್ಲಿರುತ್ತಿದ್ದರು.

ಒಂದು ದಿನ ಮುದುಕಿಗೆ ಜ್ವರ. ಅವಳು ಬಂದಿರಲಿಲ್ಲ. ಜೋಲಿಯಿಂದ ಇಳಿದ ಒಂದು ಕೂಸು ಅಂಬೆಗಾಲಿಡುತ್ತ ಮಣ್ಣು ಅರೆಯುವ ಯಂತ್ರದ ಹತ್ತಿರದವರೆಗೆ ಹೋಯಿತು. ಯಾರೋ ಓಡಿ ಬಂದು ಎತ್ತಿಕೊಂಡರು. ಕೂಸಿಗೆ ಏನೂ ಆಗಲಿಲ್ಲ. ಆದರೆ ವರ್ತಕ ಅದನ್ನು ಕಣ್ಣಾರೆ ಕಂಡಿದ್ದ. ಆ ಮಧ್ಯಾಹ್ನ ಅವನು ಊಟ ಮಾಡಲಿಲ್ಲ. ತನ್ನ ಅಂಗಳದಲ್ಲಿ ಒಂದು ಕೂಸಿನ ಪ್ರಾಣ ಹೋಗುವುದನ್ನು ತಾನು ನೋಡಲಾರೆ ಎಂದು ಹೇಳಿ ಜೋಲಿಗಳನ್ನೆಲ್ಲ ಬಿಚ್ಚಿಸಿದ. ಇನ್ನು ಮುಂದೆ ಯಾರೂ ಕೂಸುಗಳನ್ನು ಕಾರ್ಖಾನೆಗೆ ತರಕೂಡದೆಂದು ಮೇಸ್ತ್ರಿಯ ಕೈಯಲ್ಲಿ ಹೇಳಿಸಿದ.

ಊರಿನವರು ಮೆಚ್ಚಿಕೊಂಡರು. ಕೂಲಿಯವರ ಕೂಸಿನ ಮೇಲೆ ಇಷ್ಟು ಕರುಣೆ ಇಟ್ಟ ಒಡೆಯ ಬೇರೆಲ್ಲಿದ್ದಾನೆ ಎಂದರು. ಜ್ವರ ಬಿಟ್ಟು ಬಂದ ಮುದುಕಿಗೆ ಕೆಲಸವಿರಲಿಲ್ಲ. ವರ್ತಕ ಅವಳಿಗೆ ಹೊಸ ಸೀರೆ ಕೊಟ್ಟು ಕಳಿಸಿದ. ಅವಳು ತನ್ನ ಮಗಳ ಊರಿಗೆ ಹೊರಟುಹೋದಳು.

ಇಲ್ಲಿಯ ತನಕ ಅವನದು ಏನು ತಪ್ಪು ಎಂದು ನನ್ನನ್ನು ಕೇಳಬೇಡ. ನನಗೂ ಕಾಣುವುದಿಲ್ಲ.

ಹೆಂಚು ಹೊರುವ ಹೆಂಗಸರಲ್ಲಿ ಒಬ್ಬ ತಾಯಿ ಇದ್ದಳು. ಅವಳ ಗಂಡ ಘಟ್ಟದ ಮೇಲಿನ ಊರಿಗೆ ದುಡಿಯಲು ಹೋದವನು ತಿರುಗಿ ಬಂದಿರಲಿಲ್ಲ. ಅವಳಿಗೆ ಕೈಗೂಸು ಒಂದು, ದೊಡ್ಡ ಮಗಳು ಒಬ್ಬಳು. ಮಗಳ ಹೆಸರು ವಾರಿಜ. ವಾರಿಜ ಓದಿನಲ್ಲಿ ಚುರುಕು. ಮಾಸ್ತರು ಒಮ್ಮೆ ಹೇಳಿದ ಲೆಕ್ಕವನ್ನು ಅವಳು ಪಕ್ಕದವರಿಗೆ ತಿರುಗಿಸಿ ಹೇಳಿಕೊಡುತ್ತಿದ್ದಳು. ಆ ಕಾಲದಲ್ಲಿ ಏಳನೆಯ ತರಗತಿ ಪಾಸಾದ ಹುಡುಗಿ ಮುಂದೆ ತರಬೇತಿ ಪಡೆದು ತಾನೇ ಶಾಲೆಯಲ್ಲಿ ಪಾಠ ಹೇಳಬಹುದಿತ್ತು. ಮಾಸ್ತರು ಈ ಮಾತನ್ನು ತಾಯಿಗೆ ಹೇಳಿದ್ದರು. ತಾಯಿ ಅದನ್ನು ಯಾರಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ಜೋಲಿ ಬಿಚ್ಚಿಸಿದ ಮೇಲೆ ಕೂಸನ್ನು ಬಿಡಲು ಜಾಗವಿರಲಿಲ್ಲ. ಕೆಲಸಕ್ಕೆ ಹೋಗದಿದ್ದರೆ ಒಲೆ ಹೊತ್ತುವುದಿಲ್ಲ. ಕೂಸು ನಡೆಯುವ ತನಕ ಮಾತ್ರ ಎಂದು ಹೇಳಿ ತಾಯಿ ವಾರಿಜಳನ್ನು ಮನೆಯಲ್ಲಿ ನಿಲ್ಲಿಸಿದಳು. ವಾರಿಜ ಕೆಲವು ದಿನ ಹಾಗೆಯೇ ಇದ್ದಳು. ಆಮೇಲೆ ಒಂದು ಬೆಳಿಗ್ಗೆ ತಾಯಿ ಅತ್ತ ಹೋದ ಕೂಡಲೇ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಗೆ ಹೋದಳು. ಬಾಗಿಲಲ್ಲಿ ನಿಂತಳು.

ಮಾಸ್ತರು ನೋಡಿದರು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ಪಾಠ ಮುಂದುವರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಪಕ್ಕದಲ್ಲಿ ಕುಳಿತುಕೊಳ್ಳಲು ಕೈ ತೋರಿಸಿದರು. ಕೂಸು ಅವಳ ತೊಡೆಯ ಮೇಲೆ ಮಲಗಿತು. ಅವಳು ಬರೆದಳು.

ಇದನ್ನು ಕಂಡು ಬೇರೆ ಹುಡುಗಿಯರೂ ತಮ್ಮ ತಂಗಿ ತಮ್ಮಂದಿರನ್ನು ಎತ್ತಿಕೊಂಡು ಬರತೊಡಗಿದರು. ಬಾಗಿಲ ಬಳಿ ಒಂದು ಸಾಲೇ ಆಯಿತು. ಕೂಸುಗಳು ಅಳುತ್ತಿದ್ದವು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಪಾಠ ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ. ಉಳಿದ ಅರ್ಧವನ್ನು ಅವರು ಕಲಿಯುತ್ತಿದ್ದರು.

ಹೀಗಿರುವಾಗ ವರ್ತಕ ಮಕ್ಕಳಿಗೆ ಸ್ಲೇಟು ಹಂಚಲು ಶಾಲೆಗೆ ಬಂದ. ಬಾಗಿಲಲ್ಲಿ ಒಂದು ಕೂಸು ನೆಲ ಒದ್ದೆ ಮಾಡಿತ್ತು. ಇನ್ನೊಂದು ಬಾಯಿ ತುಂಬ ಸೀಮೆಸುಣ್ಣ ತಿಂದು ಕುಳಿತಿತ್ತು. ವರ್ತಕನಿಗೆ ಬೇಸರವಾಯಿತು. ಅವನ ಮನಸ್ಸಿನಲ್ಲಿ ಶಾಲೆಯೆಂದರೆ ಗುಡಿಯ ಹಾಗೆ. ತಾನು ಕಳೆದುಕೊಂಡ ಜಾಗ ಅದು. ಇಷ್ಟು ಗದ್ದಲದ ನಡುವೆ ಮಕ್ಕಳು ಏನು ಕಲಿತಾರು, ಓದುವ ಮಕ್ಕಳಿಗೂ ಇದರಿಂದ ಅನ್ಯಾಯವಲ್ಲವೇ ಎಂದು ಮಾಸ್ತರಿಗೆ ಮೆಲ್ಲಗೆ ಹೇಳಿದ.

ಮಾಸ್ತರು ಕಾರಣ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ವರ್ತಕ ತಲೆಯೆತ್ತಿ ಮಾಡನ್ನು ನೋಡಿದ. ಹುಲ್ಲಿನ ಮಾಡು. ಮಳೆಗಾಲದಲ್ಲಿ ಸೋರುತ್ತಿತ್ತು. ಇಡೀ ಶಾಲೆಯನ್ನು ಹೊಸದಾಗಿ ಕಟ್ಟಿಸಿ ತನ್ನ ಕಾರ್ಖಾನೆಯ ಹೆಂಚು ಹೊದಿಸಿಕೊಡುತ್ತೇನೆ ಎಂದು ಅವನು ಹೇಳಿದ. ಮಾಸ್ತರು ತೆರೆದ ಬಾಯಿಯಲ್ಲಿ ತಮ್ಮ ಕೃತಜ್ಞತೆಯನ್ನು ಹೇಳಿದರು.

ಮರುದಿನ ಅವರು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು, ಕೂಸುಗಳನ್ನು ತರಬಾರದೆಂದು ಹೇಳಿದರು. ವಾರಿಜಳಿಗೆ ಎಲ್ಲರಿಗಿಂತ ಕೊನೆಗೆ ಹೇಳಿದರು.

"ಯಾರ ಹತ್ತಿರ ಬಿಟ್ಟು ಬರಲಿ, ಮಾಸ್ತರೇ?" ಎಂದು ವಾರಿಜ ಕೇಳಿದಳು.

ಮಾಸ್ತರು ಹಲಗೆಯ ಕಡೆಗೆ ತಿರುಗಿ, ಅಲ್ಲಿ ಬರೆದಿದ್ದನ್ನು ಒರೆಸತೊಡಗಿದರು. ಅವಳು ಕೂಸನ್ನು ಎತ್ತಿಕೊಂಡು ಮನೆಗೆ ಹೋದಳು.

ಬಾಗಿಲ ಬಳಿಯ ಸಾಲು ಖಾಲಿಯಾಯಿತು. ಹೆಣ್ಣುಮಕ್ಕಳು ಶಾಲೆ ಬಿಡುತ್ತಿದ್ದಾರೆಂಬ ಸುದ್ದಿ ವರ್ತಕನ ಕಿವಿಗೂ ಬಿತ್ತು. ಅವನು ನಿಜವಾಗಿಯೂ ನೊಂದುಕೊಂಡ. ಬಟ್ಟೆಯಿಲ್ಲದೆ ನಾಚಿಕೊಂಡು ಬರುವುದಿಲ್ಲವೇನೋ ಎಂದುಕೊಂಡು ಎಲ್ಲರಿಗೂ ಬಟ್ಟೆ ಹೊಲಿಸಿಕೊಟ್ಟ. ಹಸಿವಿನಿಂದ ಬರುವುದಿಲ್ಲವೇನೋ ಎಂದುಕೊಂಡು ಮಧ್ಯಾಹ್ನದ ಊಟಕ್ಕೆ ಅಕ್ಕಿ ಕಳಿಸಿದ. ಗಂಡುಮಕ್ಕಳು ತಪ್ಪದೆ ಬಂದರು, ಉಂಡರು. ಕೂಸು ಹೊತ್ತ ಹುಡುಗಿಯರು ಬರಲಿಲ್ಲ.

ಕೊನೆಗೆ ಅವನೇ ಅವರ ಮನೆಗಳಿಗೆ ಹೊರಟ. ಅವನಂಥವರು ಆ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ವಾರಿಜಳ ಮನೆಗೆ ಬಂದಾಗ ಮಧ್ಯಾಹ್ನ. ತಾಯಿ ಕೂಸಿಗೆ ಹಾಲು ಕುಡಿಸಲು ಕಾರ್ಖಾನೆಯಿಂದ ಓಡಿ ಬಂದಿದ್ದಳು. ಕೈಯ ಮಣ್ಣು ಇನ್ನೂ ಆರಿರಲಿಲ್ಲ. ಅವನು ಕೊಟ್ಟ ಬಟ್ಟೆ ಮಡಿಕೆ ಬಿಚ್ಚದೆ ಹಗ್ಗದ ಮೇಲಿತ್ತು. ಅವಳು ಚಾಪೆ ಹಾಸಿದಳು. ಅವನು ಕುಳಿತ. ತಾನು ಶಾಲೆ ಬಿಟ್ಟ ದಿನದ ಕತೆಯನ್ನು ಅವಳಿಗೆ ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಅವಳಿಗೂ ಬಂತು. ನಿನ್ನ ಮಗಳ ಓದಿಗೆ ಏನು ಬೇಕೋ ಕೇಳು, ಇಲ್ಲವೆನ್ನುವುದಿಲ್ಲ ಎಂದು ಅವನು ಹೇಳಿದ.

ಆ ತಾಯಿ ಅವನ ಮಾತನ್ನು ನಂಬಿದಳು. "ಧಣಿಗಳೇ, ಚಪ್ಪರದಲ್ಲಿ ಮೊದಲಿನ ಹಾಗೆ ಜೋಲಿ ಕಟ್ಟುವುದಕ್ಕೆ ಜಾಗ ಕೊಡಿ. ಸುತ್ತ ಬೇಲಿಯನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಆ ಅಜ್ಜಿಯನ್ನು ಮತ್ತೆ ಕರೆಸಿ. ಇವಳು ನಾಳೆಯೇ ಶಾಲೆಗೆ ಹೋಗುತ್ತಾಳೆ" ಎಂದಳು.

"ನಾನು ನಿನ್ನ ಮಗಳ ಓದಿನ ಮಾತಾಡುತ್ತಿದ್ದೇನೆ. ನೀನು ಕಾರ್ಖಾನೆಯ ಮಾತು ತೆಗೆಯುತ್ತೀ. ಅದು ಬೇರೆ, ಇದು ಬೇರೆ" ಎಂದ ವರ್ತಕ.

"ನನಗೆ ಎರಡೂ ಒಂದೇ, ಧಣಿಗಳೇ."

ವರ್ತಕನಿಗೆ ಆ ಯಂತ್ರ, ಅದರ ಮುಂದೆ ಅಂಬೆಗಾಲಿಟ್ಟ ಕೂಸು ಕಣ್ಣಿಗೆ ಕಟ್ಟಿತು. ಹೆತ್ತವಳಿಗೇ ಕೂಸಿನ ಪ್ರಾಣ ಇಷ್ಟು ಅಗ್ಗವಾಯಿತೇ ಎಂದು ಅವನಿಗೆ ಅನಿಸಿತು. ಬೇಲಿಯ ಮಾತು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ, ನಾನು ಹೇಳಲಾರೆ. ಅವನು ಒಂದು ಕಟುಮಾತೂ ಆಡಲಿಲ್ಲ. ಕೂಸಿನ ತಲೆ ಸವರಿ ಎದ್ದುಹೋದ.

ಅವನು ಹೋದ ಮೇಲೆ ಕೇರಿಯವರು ಬಂದರು. ಅವರೂ ಅದೇ ಕಷ್ಟದವರು. ಅವರ ಮನೆಯಲ್ಲೂ ಹುಡುಗಿಯರು ಕೂಸು ಕಾಯುತ್ತಿದ್ದರು. ಆದರೂ ಅವರು ಅವಳನ್ನೇ ಬೈದರು. ಅಂಥ ದೊಡ್ಡ ಮನುಷ್ಯ ನಿನ್ನ ಹೊಸಿಲಿಗೆ ಬಂದರೆ, ಮಕ್ಕಳಿಗೆ ಬಟ್ಟೆ ಕೊಟ್ಟವನಿಗೆ, ಅಕ್ಕಿ ಕೊಟ್ಟವನಿಗೆ, ನೀನು ಎದುರುತ್ತರ ಕೊಟ್ಟೆಯಲ್ಲ ಎಂದರು. ನಾಳೆ ಅವನು ಬಟ್ಟೆ, ಅಕ್ಕಿ ನಿಲ್ಲಿಸಿದರೆ ನಮಗೆ ಉತ್ತರ ಹೇಳುವವರು ಯಾರು ಎಂದರು. ಅವನು ಕೊಟ್ಟ ಬಟ್ಟೆ ಅವಳ ಮನೆಯಲ್ಲೂ ಇತ್ತು.

ಮಾತು ಮೇಸ್ತ್ರಿಯ ತನಕ ಹೋಯಿತು. ಅವನಿಗೆ ಒಡೆಯನ ಮೇಲೆ ಬಹಳ ಭಕ್ತಿ. ಧಣಿಗಳಿಗೆ ನೋವು ಕೊಟ್ಟವಳಿಗೆ ಇಲ್ಲಿ ಕೆಲಸವಿಲ್ಲ ಎಂದು ಅವಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ. ಒಡೆಯ ಹೇಳಿ ಮಾಡಿಸಿದ್ದಲ್ಲ. ಒಡೆಯನಿಗೆ ಗೊತ್ತೇ ಇರಲಿಲ್ಲ.

ಆ ಮನೆಯಲ್ಲಿ ಆಮೇಲೆ ಏನಾಯಿತೆಂದು ನಾನು ವಿವರಿಸಿ ಹೇಳಬೇಕಾಗಿಲ್ಲ. ತಾಯಿ ಬೇರೆ ಕೂಲಿ ಹುಡುಕಿಕೊಂಡು ಅಲೆದಳು, ಕೂಸು ವಾರಿಜಳ ಬಳಿಯೇ ಉಳಿಯಿತು. ಮೊದಲು ಅಕ್ಕಿ ಮುಗಿಯಿತು. ಆಮೇಲೆ ತಾಯಿಯ ಮೊಲೆಹಾಲು ಬತ್ತಿತು. ಕೂಸು ಅಳುವುದನ್ನು ಕಡಿಮೆ ಮಾಡಿದಾಗ ತಾಯಿಗೆ ಹೆದರಿಕೆಯಾಯಿತು. ವಾರಿಜ ಹಗ್ಗದ ಮೇಲಿದ್ದ ಹೊಸ ಬಟ್ಟೆಯನ್ನು ಪಕ್ಕದ ಕೇರಿಯ ಒಬ್ಬಳಿಗೆ ಕೊಟ್ಟು ರಾಗಿ ಹಿಟ್ಟು ತಂದಳು. ಧಣಿಗಳು ಕೊಟ್ಟ ಬಟ್ಟೆಯನ್ನು ಮಾರಿಕೊಂಡರು ಎಂದು ಅದೂ ಒಂದು ಸುದ್ದಿಯಾಯಿತು.

ಗುರುಗಳು ಇಲ್ಲಿ ಸ್ವಲ್ಪ ನಿಲ್ಲಿಸಿದರು. ಶಿಷ್ಯ ನೆಲ ನೋಡುತ್ತಿದ್ದ. ಗುರುಗಳು ಮತ್ತೆ ಹೇಳತೊಡಗಿದರು.

ಹೋಗಿ ತಪ್ಪೊಪ್ಪಿಕೋ ಎಂದು ಕೇರಿಯವರು ತಾಯಿಗೆ ಹೇಳಿದರು. ಅವಳು ಕೂಸನ್ನೂ ಮಗಳನ್ನೂ ಕರೆದುಕೊಂಡು ವರ್ತಕನ ಮನೆಯ ಅಂಗಳಕ್ಕೆ ಹೋಗಿ ನಿಂತಳು. ತಾನು ಆಡಿದ ಮಾತು ತಪ್ಪಾಯಿತೆಂದಳು. ವರ್ತಕನಿಗೆ ಏನೆಂದು ತಿಳಿಯಲಿಲ್ಲ. ತಿಳಿದ ಮೇಲೆ ಅವನು ಮೇಸ್ತ್ರಿಯನ್ನು ಕರೆಸಿ ಅವಳ ಎದುರಿನಲ್ಲಿಯೇ ಬೈದ. ಅವಳನ್ನು ಕ್ಷಮಿಸಿ, ಮತ್ತೆ ಕೆಲಸಕ್ಕೆ ಬರಲು ಹೇಳಿದ. ಮನೆಯೊಳಗಿನಿಂದ ಹಾಲು ತರಿಸಿ ಕೂಸಿಗೆ ಕುಡಿಸಲು ಕೊಟ್ಟ. ಕೂಸು ಹಾಲು ಕುಡಿಯುವುದನ್ನು ನೋಡುತ್ತ ಅವನು ಅಲ್ಲಿಯೇ ನಿಂತಿದ್ದ. ಅವನ ಮನಸ್ಸು ಕರಗಿತು. ಇವರಿಗೆ ಇನ್ನೂ ಏನಾದರೂ ಮಾಡಬೇಕು ಎಂದು ಅವನಿಗೆ ಅನಿಸಿತು.

ಆಗ ಅವನಿಗೆ ವಾರಿಜ ಕಂಡಳು. ಹೇಗೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲಿ ಸುಮ್ಮನೆ ಇರುತ್ತಾಳೆ. ಇವಳಿಗೂ ಕಾರ್ಖಾನೆಯಲ್ಲಿ ಕೆಲಸ ಕೊಡುತ್ತೇನೆ, ನಿಮ್ಮ ಮನೆಗೆ ಅನುಕೂಲವಾಗುತ್ತದೆ ಎಂದು ಅವನು ಹೇಳಿದ. ಹೊರುವ ಕೆಲಸ ಬೇಡ, ನೆರಳಿನಲ್ಲಿ ಕುಳಿತು ಹಸಿ ಹೆಂಚಿನ ಅಂಚು ಒರೆಸಲಿ ಎಂದು ಮೇಸ್ತ್ರಿಗೆ ತಾಕೀತು ಮಾಡಿದ.

ತಾಯಿ ಕೈ ಮುಗಿದಳು. ಬೇಡ ಎನ್ನಲು ಅವಳಿಗೆ ಸಾಧ್ಯವಿರಲಿಲ್ಲ. ಅವಳಿಗೆ ಬೇಡ ಎನಿಸಿತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಮೊದಲು ಹಸಿವು ತೀರಬೇಕಾಗಿತ್ತು.

ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಕೂಸನ್ನು ನೋಡಿಕೊಳ್ಳುವವರು ಬೇಕಾಯಿತು. ಪಕ್ಕದ ಮನೆಯಲ್ಲಿ ಮೂರನೆಯ ತರಗತಿಯ ಒಬ್ಬ ಹುಡುಗಿ ಇದ್ದಳು. ಅವಳ ತಾಯಿಗೆ ಕೂಲಿಯಲ್ಲಿ ಒಂದು ಪಾಲು ಕೊಡುವುದೆಂದು ಮಾತಾಯಿತು. ಆ ಹುಡುಗಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ಅವಳೂ ಶಾಲೆ ಬಿಟ್ಟಳು.

ಹೊಸ ಶಾಲೆ ಎದ್ದು ನಿಂತಿತು. ಗಟ್ಟಿ ಗೋಡೆ, ಕೆಂಪು ಹೆಂಚು, ಎತ್ತರದ ಕಿಟಕಿ. ಪ್ರಾರಂಭದ ದಿನ ಕಾರ್ಖಾನೆಗೆ ರಜೆ ಕೊಟ್ಟು ಎಲ್ಲರನ್ನೂ ಕರೆಸಿದ್ದರು. ಮಾಸ್ತರು ವರ್ತಕನಿಗೆ ಹಾರ ಹಾಕಿ, ಈ ಶಾಲೆಗೆ ಇನ್ನು ಯಾವ ಕೊರತೆಯೂ ಇಲ್ಲ ಎಂದರು. ವರ್ತಕ ಮಾತಿಗೆ ನಿಂತ. ಹುಡುಗಿಯರಿಗೆಂದು ಹಾಸಿದ ಜಮಖಾನೆ ಮುಕ್ಕಾಲು ಖಾಲಿಯಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ. ನನ್ನ ಕೈಯಲ್ಲಿ ಆಗುವುದನ್ನೆಲ್ಲ ಕೊಟ್ಟಿದ್ದೇನೆ, ಓದುವ ಆಸೆಯನ್ನು ಮಾತ್ರ ನಾನು ಎಲ್ಲಿಂದ ತಂದುಕೊಡಲಿ ಎಂದು ಹೇಳಿದ. ಅದು ನಾಟಕವಲ್ಲ. ಜನ ಕಣ್ಣೊರೆಸಿಕೊಂಡರು. ಚಪ್ಪಾಳೆ ತಟ್ಟಿದರು. ಆ ತಾಯಿಯೂ ತಟ್ಟಿದಳು.

ಸಭೆ ಮುಗಿದ ಮೇಲೆ ಹೆಂಗಸರು ಶಾಲೆಯನ್ನು ಸುತ್ತಿ ನೋಡಿದರು. ಗೋಡೆಯಲ್ಲಿ ಒಂದು ಕಲ್ಲು ಕೂರಿಸಿ ಅಕ್ಷರ ಕೊರೆಸಿದ್ದರು. ಅದರಲ್ಲಿ ಏನಿದೆ ಎಂದು ಒಬ್ಬಳು ಕೇಳಿದಳು. ಅವರಲ್ಲಿ ಓದು ಬರುತ್ತಿದ್ದವಳು ವಾರಿಜ ಒಬ್ಬಳೇ. ಅವಳು ಮುಂದೆ ಬಂದು, ಒಂದು ಕಡೆಯೂ ತಡೆಯದೆ, ಈ ಊರಿನ ಎಲ್ಲ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಎಂಬಲ್ಲಿಂದ ವರ್ತಕನ ಹೆಸರಿನ ತನಕ ಓದಿದಳು. ಎಷ್ಟು ಚೆನ್ನಾಗಿ ಓದುತ್ತಾಳೆ ಎಂದು ಹೆಂಗಸರು ಹೊಗಳಿದರು. ತಾಯಿ ಅವಳ ತೋಳು ಹಿಡಿದು, ನಡೆ, ಹೊತ್ತಾಯಿತು ಎಂದಳು.

ವಾರಿಜ ಮತ್ತೆ ಆ ಕಡೆ ಹೋಗಲಿಲ್ಲ. ಕಾರ್ಖಾನೆಯಲ್ಲಿಯೇ ದೊಡ್ಡವಳಾದಳು. ಅಲ್ಲಿಯೇ ಮಣ್ಣು ತರುವ ಒಬ್ಬನನ್ನು ಮದುವೆಯಾದಳು. ಅವಳಿಗೂ ಮಕ್ಕಳಾದವು. ಅವಳ ದೊಡ್ಡ ಮಗಳು ಚಿಕ್ಕದನ್ನು ಎತ್ತಿಕೊಂಡು ಮನೆಯ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದಳು. ವರ್ತಕ ಮುಪ್ಪಿನ ತನಕ ಬದುಕಿದ. ಪ್ರತಿ ವರ್ಷವೂ ಸ್ಲೇಟು, ಬಟ್ಟೆ ಹಂಚಿದ. ಆ ಹುಡುಗಿಯರು ಯಾಕೆ ಬರಲಿಲ್ಲ ಎಂಬ ಕೊರಗು ಮಾತ್ರ ಅವನಿಗೆ ಕೊನೆಯ ತನಕ ಉಳಿಯಿತು. ಅವನು ಸತ್ತಾಗ ಊರೆಲ್ಲ ಅತ್ತಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಾಗಿತ್ತು.

"ಹಾಗಾದರೆ ಆ ವರ್ತಕ ಕೆಟ್ಟವನೆಂದೇ ತಿಳಿಯಬೇಕೇ, ಗುರುಗಳೇ?" ಎಂದು ಕೇಳಿದ.

"ಕೆಟ್ಟವನಾಗಿದ್ದರೆ ಆ ತಾಯಿ ಅವನೊಡನೆ ಜಗಳವನ್ನಾದರೂ ಆಡುತ್ತಿದ್ದಳು" ಎಂದರು ಗುರುಗಳು.